ಇಸ್ಫಹಾನಿನ ನಾಲ್ಕು ಗಜ

ಗ್ಯಾನಪ್ಪನ ಶೇರವಾನಿಯನ್ನು ಹಾಳು ಮಾಡಿದ್ದು ಇಲಿಯಲ್ಲ, ಗೆದ್ದಲಲ್ಲ, ಒಂದು ಶಬ್ದ. ಅದೂ ಎರಡೇ ಅಕ್ಷರದ್ದು.

ಆ ಶಬ್ದ ಇರಾಣದಿಂದ ಮಸ್ಕಿಗೆ ಒಂದು ಕಾಗದದೊಳಗೆ ಕೂತು ಬಂದಿತು. ಕಾಗದ ಬರೆದವನು ದಸ್ತಗೀರ್‌ಸಾಬ್. ಮಸ್ಕಿಯವನೇ. ಹೈದ್ರಾಬಾದಿನ ಒಬ್ಬ ನವಾಬರ ಮನೆಯಲ್ಲಿ ಅಡುಗೆಯ ಬಾವರ್ಚಿಯಾಗಿದ್ದ. ನವಾಬರಿಗೆ ಇರಾಣ ನೋಡುವ ಮನಸ್ಸಾದಾಗ, ಪರದೇಶದ ಅನ್ನ ಹೊಟ್ಟೆಗೆ ಒಗ್ಗೀತೋ ಇಲ್ಲವೋ ಎಂದು ಬಾವರ್ಚಿಯನ್ನೂ ಸಾಮಾನಿನ ಜೊತೆ ಕಟ್ಟಿಕೊಂಡು ಹೋಗಿದ್ದರು. ಸಿಂಧನೂರು ದಾಟಿದವನನ್ನೇ ಊರು ಕೂರಿಸಿಕೊಂಡು ಮಾತು ಕೇಳುತ್ತಿದ್ದ ಕಾಲ ಅದು. ಹೊರಡುವ ಮುಂಚೆ ದಸ್ತಗೀರ್‌ಸಾಬ್ ಓಣಿಯ ಮನೆಮನೆಗೂ ಹೋಗಿ, "ನಿಮಗ ಇರಾಣದಿಂದ ಏನ್ ತರ್ಲಿ" ಎಂದು ಕೇಳಿದ್ದ. ಪಕ್ಕದ ಮನೆಯ ಬಸ್ಸಮ್ಮ ಕೇಸರಿ ಕೇಳಿದ್ದಳು. ಗ್ಯಾನಪ್ಪ ಸಂಕೋಚದ ಪ್ರಾಣಿ. "ನಿಮಗ ತಿಳದದ್ದು ತರ್ರಿ ಮಾಮಾ" ಎಂದಿದ್ದ. ಮನುಷ್ಯ ಕೆಡುವುದು ಇಂಥ ಮಾತುಗಳಿಂದಲೇ.

ಉರ್ದು ಕಾಗದದಲ್ಲಿ ಹೀಗಿತ್ತು: ನಿನ್ನ ಸಲುವಾಗಿ ಇಸ್ಫಹಾನ್ ಶಹರದ ಗಜ್ ನಾಲ್ಕು ತೆಗೆದುಕೊಂಡಿದ್ದೇನೆ. ಬೆಳ್ಳಗೆ, ಮೆತ್ತಗೆ, ನಡುನಡುವೆ ಪಿಸ್ತಾ. ನೋಡಿದರೆ ಕಣ್ಣು ತಣ್ಣಗಾಗುತ್ತದೆ.

ನಿಜಾಮರ ಸೀಮೆಯಲ್ಲಿ ಗಜ ಎಂದರೆ ಬಟ್ಟೆ ಅಳೆಯುವ ಗಜ. ಎರಡನೆಯ ಅರ್ಥ ಪುರಾಣ ಕೇಳುವವರಿಗೆ ಮಾತ್ರ ಗೊತ್ತಿತ್ತು. ಬಸ್ಸಮ್ಮ ಅಂಥವಳು. "ನಾಕು ಆನಿ ತಗೊಂಡು ಎಲ್ಲಿ ಕಟ್ತೀಯೋ ತಮ್ಮಾ, ಹಿತ್ತಲದಾಗ ಒಂದು ಎಮ್ಮಿಗೇ ಜಾಗ ಇಲ್ಲ" ಎಂದು ನಿಜವಾಗಿಯೂ ಚಿಂತೆ ಮಾಡಿದಳು. ಗ್ಯಾನಪ್ಪ ಕಾಗದವನ್ನು ದರ್ಜಿ ಇಸ್ಮಾಯಿಲ್‌ಸಾಬನ ಅಂಗಡಿಗೆ ಒಯ್ದ. ಇಸ್ಮಾಯಿಲ್‌ಸಾಬ್ ಕನ್ನಡಕ ಏರಿಸಿ ಎರಡು ಸಲ ಓದಿಸಿಕೊಂಡು ತೀರ್ಪು ಕೊಟ್ಟ.

"ಇದು ಬಟ್ಟಿನ. ನೆಲ ಬಿಳೀದು, ಮ್ಯಾಲ ಪಿಸ್ತಾ ಬಣ್ಣದ ಹೂವಿನ ಬೂಟಾ. ನಾಕು ಗಜ ಅಂದ್ರ ಒಂದು ಶೇರವಾನಿ, ಮಿಕ್ಕಿದ್ದಕ್ಕ ಒಂದು ಟೊಪಗಿ. ನಿನ್ನ ಅಳತಿ ತಗೊಂಡೇ ಬಿಟ್ಟಂಗ ಆತು ನೋಡು, ಆ ಬಾವರ್ಚಿ ಕಣ್ಣಾಗ."

ಶೇರವಾನಿಗೆ ಗ್ಯಾನಪ್ಪ ಹಂಬಲಿಸಲು ಕಾರಣವಿತ್ತು. ಅವನು ಅರ್ಜಿ ಬರೆಯುವವನು. ಚಾವಡಿಯ ಮುಂದಿನ ಬೇವಿನ ಮರದ ಈ ಕಡೆ ಅವನು, ಆ ಕಡೆ ಮಾಳಿಂಗಪ್ಪ, ಇಬ್ಬರೂ ಚಾಪೆ ಹಾಸಿಕೊಂಡು ಜನರ ಕಷ್ಟಗಳನ್ನು ಉರ್ದುವಿಗೆ ತಿರುಗಿಸುತ್ತಿದ್ದರು. ಮಳೆ ಬಂದರೆ ಮಸಿ ಹರಿದು ಒಬ್ಬರ ಜಮೀನು ಇನ್ನೊಬ್ಬರ ಹೆಸರಿನ ಮೇಲೆ ಹೋಗುತ್ತಿತ್ತು. ಬೇವಿನ ಮೇಲಿನ ಕಾಗೆಗಳು ತಮ್ಮ ಮೊಹರನ್ನೂ ಒತ್ತುತ್ತಿದ್ದವು. ಲಿಂಗಸೂಗೂರಿನಲ್ಲಿದ್ದ ಮಾವ ಹಬ್ಬಕ್ಕೆ ಕರೆದಾಗಲೆಲ್ಲ ನಾಲ್ಕು ಮಂದಿಯ ಎದುರು, "ನಮ್ಮ ಅಳಿಯಾಂದು ಗಿಡದ ಕೆಳಗ ಕಚೇರಿ" ಎನ್ನುತ್ತಿದ್ದ. ಹೆಂಡತಿ ಆದೆಮ್ಮ ಆ ಮಾತಿಗೆ ಎರಡು ದಿನ ಊಟ ಬಿಡುತ್ತಿದ್ದಳು.

ಈಗ ಲಿಂಗಸೂಗೂರಿನ ಕಚೇರಿಯಲ್ಲಿ ಒಂದು ಮುಹರ್ರಿರನ, ಎಂದರೆ ಗುಮಾಸ್ತನ, ಜಾಗ ಖಾಲಿಯಾಗಿತ್ತು. ತಲೆಯ ಮೇಲೆ ಮಾಡು, ಕೆಳಗೆ ಕುರ್ಚಿ. ಅಜ್ಜಂದಿರ ಕಾಲದ ಇನಾಮು ಕಾಗದಗಳು ಫಾರ್ಸಿಯಲ್ಲಿದ್ದವು. ಹುಳ ತಿನ್ನುವ ಮುಂಚೆ ಅವುಗಳ ನಕಲು ಆಗಬೇಕಿತ್ತು. "ಫಾರ್ಸಿ ಓದಲು ಬರಬೇಕು" ಎಂದು ಶರತ್ತು. ಉರ್ದುವಿಗೂ ಫಾರ್ಸಿಗೂ ಲಿಪಿ ಒಂದೇ. ಆದ್ದರಿಂದ ಗ್ಯಾನಪ್ಪ "ಓದಲು ಬರುತ್ತದೆ" ಎಂದು ನಿರ್ಮಲ ಮನಸ್ಸಿನಿಂದ ಬರೆದ. ತಿಳಿಯುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ನೌಕರಿಗೆ ಸೇರುವ ಅವನ ವಯಸ್ಸು ಬರುವ ತಿಂಗಳು ಮೀರುತ್ತಿತ್ತು. ಈ ಸಲ ತಪ್ಪಿದರೆ ಬೇವಿನ ಮರವೇ ಶಾಶ್ವತ.

ಜಿಲ್ಲೆಯ ದೊಡ್ಡ ಅಧಿಕಾರಿ ತಾಲುಕ್ದಾರ ಸಾಹೇಬರು ದೌರಾ ಮೇಲೆ ಮಸ್ಕಿಗೆ ಬಂದು, ಮುಸಾಫಿರ ಬಂಗಲೆಯಲ್ಲಿ ಇಳಿದು, ಉಮೇದುವಾರರನ್ನು ಕಣ್ಣಾರೆ ನೋಡುವವರಿದ್ದರು. ಬಹಮನ್ ತಿಂಗಳ ಹತ್ತನೆಯ ತಾರೀಖು, ಮಧ್ಯಾಹ್ನದ ನಮಾಜಿನ ನಂತರ, ಶೇರವಾನಿಯಲ್ಲಿ ಹಾಜರಾಗಬೇಕೆಂದು ಹುಕುಂ. ಆ ದಿನಗಳಲ್ಲಿ ನಮ್ಮ ತಿಂಗಳುಗಳಿಗೂ ಇರಾಣದ ಹೆಸರೇ ಇತ್ತು. ಆಜೂರ್, ದೈ, ಬಹಮನ್. ಜೋಳ ಕೊಯ್ಯುವವನು ಅವನ್ನು ಅವರಾತ್ರಿ ಅಮಾಸಿಯ ಜೊತೆ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಈಗ ಹೇಳಿದರೆ ಮೊಮ್ಮಕ್ಕಳು ಔಷಧದ ಹೆಸರೆಂದುಕೊಳ್ಳುತ್ತಾರೆ.

"ಸಿಂಧನೂರಿಗೆ ಹೋಗಿ ಬಟ್ಟಿ ತಂದು ಹೊಲಿಸ್ಕೋರಿ" ಎಂದು ಆದೆಮ್ಮ ಒಂದು ತಿಂಗಳಿಂದ ಹೇಳುತ್ತಿದ್ದಳು.

"ಇರಾಣದ ಬಟ್ಟಿ ಬರಾಕತ್ತೈತಿ. ಸಿಂಧನೂರಿನ ಬಟ್ಟಿ ಹಾಕ್ಕೊಂಡು ಫಾರ್ಸಿ ಓದ್ತೀನಿ ಅಂದ್ರ ಯಾರ್ ನಂಬ್ತಾರ?"

ದಸ್ತಗೀರ್‌ಸಾಬ್ ಒಂಬತ್ತನೆಯ ತಾರೀಖಿಗೇ ಬರಬೇಕಿತ್ತು. ಗೊರೇಬಾಳದ ಹತ್ತಿರ ಮೋಟಾರಿನ ಗಾಲಿ ಒಡೆದು, ಹತ್ತನೆಯ ತಾರೀಖು ಹೊತ್ತೇರಿದ ಮೇಲೆ ಊರು ಮುಟ್ಟಿದ. ಇಸ್ಮಾಯಿಲ್‌ಸಾಬ್ ಕತ್ತರಿ ಮಸೆದುಕೊಂಡು ಅವನ ಮನೆಯ ಕಟ್ಟೆಯ ಮೇಲೆ ಕೂತೇ ಇದ್ದ. ಬಸ್ಸಮ್ಮ, ಆದೆಮ್ಮ, ಗ್ಯಾನಪ್ಪ ಸುತ್ತ ನಿಂತಿದ್ದರು. ಟ್ರಂಕಿನ ಮುಚ್ಚಳ ತೆಗೆದಾಗ ಎದ್ದ ವಾಸನೆಯನ್ನು ಆ ಓಣಿ ಬಹಳ ವರ್ಷ ಮರೆಯಲಿಲ್ಲ. ಗುಲಾಬಿ ನೀರು, ಕೇಸರಿ, ಒಣಗಿದ ನಿಂಬೆ, ದೂರದ ಧೂಳು ಎಲ್ಲ ಕೂಡಿದ ವಾಸನೆ. ಎಷ್ಟೋ ವರ್ಷಗಳ ಮೇಲೂ ಬಸ್ಸಮ್ಮ ಪಾಯಸಕ್ಕೆ ಏಲಕ್ಕಿ ಕುಟ್ಟುತ್ತ ಒಮ್ಮೆ ಸುಮ್ಮನೆ ನಿಲ್ಲುತ್ತಿದ್ದಳಂತೆ. ಕೇಳಿದರೆ, "ದಸ್ತಗೀರನ ಟ್ರಂಕು" ಎನ್ನುತ್ತಿದ್ದಳಂತೆ.

ಬಸ್ಸಮ್ಮನ ಕೇಸರಿ ಬೆರಳಷ್ಟು ಪುಡಿಕೆಯಲ್ಲಿ ಬಂತು. "ಇಷ್ಟಾ?" ಎಂದಳು. ಆಮೇಲೆ ದಸ್ತಗೀರ್‌ಸಾಬ್ ಒಂದು ಅಗಲವಾದ ಮರದ ಡಬ್ಬಿ ತೆಗೆದು ಗ್ಯಾನಪ್ಪನ ಕೈಗಿಟ್ಟ.

"ತಗೋ ಅಳಿಯಾ, ನಿನ್ನ ಗಜ್."

ಗ್ಯಾನಪ್ಪ ಡಬ್ಬಿ ತೆಗೆದ. ಒಳಗೆ ತುಂಬ ಬಿಳಿ ಹಿಟ್ಟು. ಹಿಟ್ಟಿನೊಳಗೆ ದುಂಡಗಿನ ನಾಲ್ಕು ಬಿಳಿಯ ಬಿಲ್ಲೆಗಳು, ಮೊಟ್ಟೆಗಳ ಮೇಲೆ ಕೋಳಿ ಕೂತಷ್ಟು ನೆಮ್ಮದಿಯಾಗಿ.

ಮೊದಲು ಚೇತರಿಸಿಕೊಂಡವಳು ಬಸ್ಸಮ್ಮ. "ಅಲ್ಲಿ ಮಂದೀನೂ ಹಚ್ಕೊಂತಾರ ಅಂತ ನನಗ ಗೊತ್ತಿರಲಿಲ್ಲ ನೋಡವ್ವ" ಎಂದು ಭಕ್ತಿಯಿಂದ ಮೂರು ಬೆರಳು ಅದ್ದಿ ಹಣೆಗೆ ಎಳೆದುಕೊಂಡಳು.

"ಏ ಅಕ್ಕಾ, ಅದು ವಿಭೂತಿ ಅಲ್ಲ, ಮಿಠಾಯಿ. ಅಂಟಬಾರದಂತ ಹಿಟ್ಟಿನಾಗ ಇಡ್ತಾರ" ಎಂದ ದಸ್ತಗೀರ್‌ಸಾಬ್. "ಇಸ್ಫಹಾನದಾಗ ಇದಕ್ಕ ಗಜ್ ಅಂತಾರ. ಅಲ್ಲಿಗೆ ಹೋದ ಮುಸಾಫಿರ ಇದನ್ನ ತರಲಾರದ ಮನಿಗೆ ಬಂದ್ರ, ಹೋಗೇ ಇಲ್ಲ ಅಂತ ಲೆಕ್ಕ."

ಗ್ಯಾನಪ್ಪ ಡಬ್ಬಿಯ ತಳವನ್ನು ಬೆರಳಿನಿಂದ ಕೆದಕಿದ. ಬಟ್ಟೆ ಇರಲಿಲ್ಲ.

"ಮಾಮಾ, ನಾಕು ಗಜ ಅಂತ ಬರದಿದ್ರಿ."

"ಎಣಿಸಿ ನೋಡು. ನಾಕು ಅದಾವ."

ಇಸ್ಮಾಯಿಲ್‌ಸಾಬ್ ಒಂದು ಬಿಲ್ಲೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಅಂಚು ಮುಟ್ಟಿ, ಬಾಯಿಗೆ ಹಾಕಿಕೊಂಡ. ಬಹಳ ಹೊತ್ತು ಜಗಿದ. "ನೇಯ್ಗಿ ಚಲೋ ಐತಿ" ಎಂದ. "ಆದ್ರ ತೋಳು ಬರಂಗಿಲ್ಲ."

ಆದೆಮ್ಮ ಗಂಡನನ್ನು ನೋಡಿದಳು. ಬೈದಿದ್ದರೆ ಗ್ಯಾನಪ್ಪನಿಗೆ ಸ್ವಲ್ಪ ಹಗುರಾಗುತ್ತಿತ್ತು.

ಸಾಹೇಬರ ಮುಂದೆ ನಿಲ್ಲಲು ಇನ್ನು ಮೂರು ತಾಸು ಇತ್ತು. ಗ್ಯಾನಪ್ಪನಿಗೆ ಬರುವಂಥ ಶೇರವಾನಿಗಳು ಊರಲ್ಲಿ ಎರಡು. ಒಂದು ಮಾಳಿಂಗಪ್ಪನ ಮೈಮೇಲೆ ಏರಿಯಾಗಿತ್ತು; ಅವನೂ ಉಮೇದುವಾರನೇ. ಇನ್ನೊಂದನ್ನು ಅದರ ಮಾಲಕ ಹಾಕಿಕೊಂಡು ಸಾಹೇಬರ ಬಾಗಿಲಲ್ಲೇ ಜವಾನನಾಗಿ ನಿಂತಿದ್ದ. "ಅವನ್ನ ಕೇಳೋಣು ನಡಿ, ಅರ್ಧ ತಾಸು ಹೊರಸಿನ ಕೆಳಗ ಕೂಡ್ಲಿ" ಎಂದಳು ಬಸ್ಸಮ್ಮ, ಹಣೆಯ ಹಿಟ್ಟು ಒರೆಸಿಕೊಳ್ಳುತ್ತ.

ಆಗ ಇಸ್ಮಾಯಿಲ್‌ಸಾಬನ ಕಣ್ಣು ಟ್ರಂಕಿನ ತಳಕ್ಕೆ ಹೋಯಿತು. ಅಲ್ಲಿ ಮಡಿಚಿಟ್ಟ ಬಟ್ಟೆಯೊಂದಿತ್ತು. ಅಚ್ಚಿನಿಂದ ಬಣ್ಣ ಒತ್ತಿದ ಇಸ್ಫಹಾನಿನ ಬಟ್ಟೆ. ಕಂದು ನೆಲದ ಮೇಲೆ ಗಿಡಗಳು, ಜಿಂಕೆಗಳು, ಜಿಂಕೆಗಳ ಹಿಂದೆ ಕುದುರೆ ಸವಾರರು. ಸುತ್ತ ಅಂಚಿಗೆ ಕಪ್ಪು ಅಕ್ಷರದ ಸಾಲು.

"ಅದನ್ನ ಮುಟ್ಟಬ್ಯಾಡ" ಎಂದು ಒಳಗಿನಿಂದ ಬಂದಳು ಶಂಶಾದ್‌ಬೀ, ದಸ್ತಗೀರ್‌ಸಾಬನ ಹೆಂಡತಿ. "ಅದು ನನ್ನ ದಸ್ತರಖಾನ. ಎರಡು ವರ್ಷ ಈ ಮನಿಶಾ ಊರೂರಿನ ಮಂದಿಗೆ ಉಣ್ಣಾಕ ಹಾಸ್ಯಾನ. ನನ್ನ ಮುಂದ ಹಾಸಾಕ ಇದೊಂದು ತಂದಾನ."

ದಸ್ತರಖಾನವೆಂದರೆ ಊಟಕ್ಕೆ ಕೂತವರ ನಡುವೆ ಹಾಸುವ ಬಟ್ಟೆ. ಗ್ಯಾನಪ್ಪ ತಲೆ ತಗ್ಗಿಸಿದ. "ಬ್ಯಾಡ ಬಿಡ್ರಿ ಅತ್ತಿ. ನಿಮ್ಮ ತಾಟಿನ ಕೆಳಗಿಂದು ಕಸ್ಕೊಂಡು ನನಗ ಯಾವ ಕುರ್ಚೀನೂ ಬ್ಯಾಡ."

ಅವನು ಹಾಗೆ ಅನ್ನದೆ ಕೇಳಿದ್ದರೆ ಆಕೆ ಕೊಡುತ್ತಿರಲಿಲ್ಲ. ಶಂಶಾದ್‌ಬೀ ಆದೆಮ್ಮನ ಮುಖ ನೋಡಿದಳು. ಬಟ್ಟೆಯನ್ನು ಒಮ್ಮೆ ಬಿಡಿಸಿ, ಜಿಂಕೆಯೊಂದರ ಮೇಲೆ ಅಂಗೈ ಆಡಿಸಿ, ಇಸ್ಮಾಯಿಲ್‌ಸಾಬನ ಮಡಿಲಿಗೆ ಒಗೆದಳು.

"ಹೊಟ್ಟಿ ಮುಂದ ಹಾಸೋದು. ನೀ ಹೊಟ್ಟಿ ಮ್ಯಾಲ ಹಾಸ್ಕೋ. ನೌಕರಿ ಸಿಗಲಿಲ್ಲಂದ್ರ ಮಾತ್ರ ನಿನ್ನನ್ನೇ ಮಲಗಿಸಿ ನಿನ್ನ ಎದಿ ಮ್ಯಾಲ ಊಟಾ ಬಡಸ್ತೀನಿ."

ಬಟ್ಟೆ ಎದೆಗೆ, ತೋಳಿಗೆ ಬಂತು. ಬೆನ್ನಿಗೆ ಬರಲಿಲ್ಲ. ಇಸ್ಮಾಯಿಲ್‌ಸಾಬ್ ಕತ್ತರಿ ಮೊಳಕಾಲ ಮೇಲಿಟ್ಟುಕೊಂಡು ಯೋಚಿಸಿದ. "ಸಾಹೇಬ್ರಿಗೆ ಯಾರರ ಬೆನ್ನು ತೋರಸ್ತಾರೇನು? ಸಲಾಮು ಹೊಡೀತ ಒಳಗ ಹೋಗು, ಸಲಾಮು ಹೊಡೀತ ಹಿಂದಿಂದ ಹಿಂದ ಬಾ." ಹೀಗೆ ಹೇಳಿ ಆದೆಮ್ಮನ ಹಳೆಯ ಇಳಕಲ್ ಸೀರೆಯ ಸವೆದ ಒಡಲನ್ನು ಬೆನ್ನಿಗೆ ಜೋಡಿಸಿದ. ಕೊರಳಪಟ್ಟಿ ಮಾತ್ರ ಬಿಗಿಯಾಯಿತು. ಗುಂಡಿ ಹಾಕಿದರೆ ಗ್ಯಾನಪ್ಪನ ತಲೆ ಅತ್ತಿತ್ತ ಹೊರಳಲಾರದೆ, ಹೊಸ ನೊಗ ಕಟ್ಟಿದ ಹೋರಿಯ ಹಾಗೆ ನೆಟ್ಟಗೆ ನಿಂತುಬಿಟ್ಟಿತು.

ಹೊಲಿಗೆ ನಡೆಯುವ ಅಷ್ಟೂ ಹೊತ್ತು ದಸ್ತಗೀರ್‌ಸಾಬ್ ಎದುರು ಕೂತು ಇಸ್ಫಹಾನನ್ನು ಹೇಳಿದ. ಗಜ್ ಆಗುವುದು ಸಕ್ಕರೆಯಿಂದಲ್ಲ. ಗುಡ್ಡದ ಪೊದೆಯ ಮೇಲೆ ಬೆಳಗಿನ ಜಾವ ಹೆಪ್ಪುಗಟ್ಟುವ ಜೇನಿನಂಥ ಅಂಟನ್ನು ಕೋಲಿನಿಂದ ಬಡಿದು ಉದುರಿಸಿ, ಮೊಟ್ಟೆಯ ಬಿಳಿ, ಗುಲಾಬಿ ನೀರು ಹಾಕಿ ತಾಸುಗಟ್ಟಲೆ ತಿರುವುತ್ತಾರೆ. ಅಲ್ಲಿಯ ತಾಮ್ರದ ಓಣಿಯಲ್ಲಿ ಸಾವಿರ ಸುತ್ತಿಗೆ ಒಟ್ಟಿಗೆ ಬಡಿದರೂ ಯಾರಿಗೂ ತಲೆನೋವಿಲ್ಲ. ಅಂಗಡಿಯವನು ಬೆಲೆ ಕೇಳಿದರೆ, ತಮ್ಮಂಥವರಿಗೆ ಇದು ಏನೂ ಅಲ್ಲ ಎನ್ನುತ್ತಾನೆ. ಹಾಗೆಂದು ಎತ್ತಿಕೊಂಡು ಹೊರಟರೆ ಓಡಿ ಬಂದು ಹಿಡಿಯುತ್ತಾನೆ. ದಸ್ತರಖಾನದ ಅಂಚಿನ ಬರಹವನ್ನೂ ಅವನು ಹತ್ತು ಸಲ ಹೇಳಿದ: ಮೆಹಮಾನೆ ಅಜೀಜ್, ಖುಶ್ ಆಮದೀ, ನೋಶೆ ಜಾನ್. ಪ್ರೀತಿಯ ಅತಿಥಿಯೇ, ಬಂದಿರಾ, ಉಂಡದ್ದು ಜೀವಕ್ಕೆ ಹತ್ತಲಿ.

"ಇದಿಷ್ಟೇ ಬರದಾರ, ಸುತ್ತಾನೂ" ಎಂದ. "ಉಣ್ಣೋ ಬಟ್ಟಿ ಮ್ಯಾಲ ಇನ್ನೇನ್ ಬರೀತಾರ, ಜಮೀನಿನ ಚಕ್ಕುಬಂದಿನ?"

ಬಂಗಲೆಯ ಪಡಸಾಲೆಯಲ್ಲಿ ಮಾಳಿಂಗಪ್ಪ ಆಗಲೇ ನಿಂತಿದ್ದ. ಕಪ್ಪು ಶೇರವಾನಿ, ಹಿಡಿದಿಟ್ಟಂತೆ ಕೂತಿತ್ತು. ಗ್ಯಾನಪ್ಪನ ಎದೆಯ ಮೇಲಿನ ಬೇಟೆಯನ್ನು ಅವನು ಎಡದಿಂದ ಬಲಕ್ಕೆ ಪೂರ್ತಿ ನೋಡಿದ.

"ಯಾವುದಕ್ಕೂ ಹುಷಾರ್ ಇರೋ ಗ್ಯಾನಪ್ಪಾ. ಆ ಸವಾರ ನಿನ್ನ ಬಗಲಾಗಿನ ಜಿಂಕಿಗೆ ಬಾಣ ಹೊಡೀತಾನ."

ಮೊದಲು ಮಾಳಿಂಗಪ್ಪನನ್ನು ಕರೆದರು. ಎರಡು ನಿಮಿಷದಲ್ಲಿ ಹೊರಗೆ ಬಂದ. "ಫಾರ್ಸಿ ಬರ್ತದೇನು ಅಂದ್ರು. ಅಕ್ಷರ ಕಂಡಂಗ ಬರೀತೀನಿ, ಒಂದು ಶಬ್ದಾನೂ ತಿಳಿಯಂಗಿಲ್ಲ ಹುಜೂರ್ ಅಂದೆ. ಮುಗೀತು" ಎಂದು ಕೈ ಚೆಲ್ಲಿದ. ಗ್ಯಾನಪ್ಪನಿಗೆ ಕನಿಕರವಾಯಿತು, ಅದರ ಅಡಿಯಲ್ಲಿ ಸಂತೋಷವೂ ಆಯಿತು. ಒಳಗೆ ಹೋದ.

ಮೇಜಿನ ಹಿಂದೆ ಕೂತಿದ್ದ ತಾಲುಕ್ದಾರ ಸಾಹೇಬರು ತಲೆ ಎತ್ತಿದರು. ಎತ್ತಿದ ತಲೆ ಹಾಗೆಯೇ ನಿಂತಿತು. ಬಾಗಿಲ ಜವಾನ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ಸಾಹೇಬರು ಎದ್ದು ಬಂದು ಗ್ಯಾನಪ್ಪನ ಎದೆಯನ್ನು ಹತ್ತಿರದಿಂದ ನೋಡಿದರು.

"ಇಲ್ಲಿ ಏನು ಬರೆದಿದೆ?" ಎಂದರು ಉರ್ದುವಿನಲ್ಲಿ. "ಓದು."

ಗ್ಯಾನಪ್ಪ ಬಗ್ಗಿ ನೋಡಲು ಹೋದ. ಕೊರಳಪಟ್ಟಿ ಬಿಡಲಿಲ್ಲ. ಎದುರಿನ ಗೋಡೆ ನೋಡುತ್ತಲೇ ಹೇಳಿದ, "ಮೆಹಮಾನೆ ಅಜೀಜ್, ಖುಶ್ ಆಮದೀ, ನೋಶೆ ಜಾನ್."

"ನೋಡದೆಯೇ ಓದುತ್ತೀಯಾ?"

"ಹುಜೂರ್, ಫಾರ್ಸಿಗೆ ಕಣ್ಣು ಬೇಕಾಗುವುದಿಲ್ಲ" ಎಂದ ಗ್ಯಾನಪ್ಪ. ಬೇರೆ ಏನು ಹೇಳಬೇಕೋ ತೋಚದೆ ಬಂದ ಮಾತು ಅದು.

ಸಾಹೇಬರು ಕಿಟಕಿಯ ಕಡೆ ಹೋಗಿ ನಿಂತರು. ಅವರ ಅಜ್ಜಿ ಇಸ್ಫಹಾನಿನಿಂದ ಹೈದ್ರಾಬಾದಿಗೆ ಸೊಸೆಯಾಗಿ ಬಂದಾಕೆ. ಆಕೆಯ ಮನೆಯಲ್ಲಿ ಇಂಥದೇ ಅಂಚು, ಇದೇ ಮಾತು ಇತ್ತು. ಆಕೆ ಹೋದ ಮೇಲೆ ನೋಶೆ ಜಾನ್ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. "ನಾನು ಈ ಊರಿಗೆ ಅತಿಥಿ ಎಂದು ತಿಳಿದು, ನನ್ನ ಮನೆತನ ಯಾವುದೆಂದು ತಿಳಿದು, ಸ್ವಾಗತವನ್ನು ಎದೆಯ ಮೇಲೆ ಬರೆಸಿಕೊಂಡು ಬಂದಿದ್ದೀಯ" ಎಂದರು. "ಅಜ್ಜಿ ನಮಗೆ ಗಜ್ ಕೊಡುತ್ತಿದ್ದಳು. ಗಜ್ ಎಂದರೆ ಏನು ಗೊತ್ತೇ? ಬಟ್ಟೆಯ ಅಳತೆಯಲ್ಲ."

"ಮಿಠಾಯಿ, ಹುಜೂರ್. ಬಟ್ಟೆ ಎಂದುಕೊಳ್ಳುವವರು ಮೂಢರು."

ಆಮೇಲೆ ಗ್ಯಾನಪ್ಪ ನಿಲ್ಲಲಿಲ್ಲ. ಪೊದೆಯ ಅಂಟು, ಬಡಿಯುವ ಕೋಲು, ಹಿಟ್ಟಿನ ಡಬ್ಬಿ, ತಾಮ್ರದ ಓಣಿ, ಬೆಲೆ ಹೇಳದ ಅಂಗಡಿಯವನು, ಬೆಳಗಿನಿಂದ ಕಿವಿಗೆ ಬಿದ್ದದ್ದನ್ನೆಲ್ಲ ಹುಟ್ಟಿ ಬೆಳೆದ ಊರನ್ನು ನೆನೆಯುವವನಂತೆ ಗೋಡೆಯನ್ನು ನೋಡುತ್ತ ಹೇಳಿದ. ಸಾಹೇಬರು ಕರವಸ್ತ್ರ ತೆಗೆದರು.

"ಹಿಂದೆ ತಿರುಗು. ಅಂಚಿನ ಉಳಿದ ಭಾಗ ನೋಡುತ್ತೇನೆ."

ಹಿಂದೆ ಇಳಕಲ್ ಸೀರೆ ಇತ್ತು. ಗ್ಯಾನಪ್ಪ ಇನ್ನೊಂದು ಸಲಾಮು ಹೊಡೆದ.

"ಕ್ಷಮಿಸಬೇಕು ಹುಜೂರ್. ಅತಿಥಿಗೆ ಬೆನ್ನು ತೋರಿಸುವ ಬೇಅದಬಿ ಈ ಜನ್ಮದಲ್ಲಿ ಆಗದು."

ಸಾಹೇಬರು ಕುರ್ಚಿಯಲ್ಲಿ ಕುಸಿದು ಕೂತರು. "ಅಜ್ಜಿಯೂ ಹೀಗೆಯೇ" ಎಂದರು. ಕಾಗದ ಎಳೆದುಕೊಂಡು, ಲೇಖನಿ ಅದ್ದಿ, ಬಹಳ ಹೊತ್ತು ಬರೆದರು. ಮೊಹರು ಒತ್ತಿದರು. ಗ್ಯಾನಪ್ಪನ ಕಣ್ಣ ಮುಂದೆ ಕುರ್ಚಿ ಬಂತು. ಮಾಡು ಬಂತು. ಹಬ್ಬದ ದಿನ ಮಾವ ಎದ್ದು ನಿಂತು ನೀರು ಕೊಡುವುದೂ ಬಂತು.

"ಲಿಂಗಸೂಗೂರಿನ ಕೆಲಸವನ್ನು ಆ ಇನ್ನೊಬ್ಬನಿಗೆ ಕೊಟ್ಟಿದ್ದೇನೆ" ಎಂದರು ಸಾಹೇಬರು. "ನಕಲು ಮಾಡುವವನಿಗೆ ಅರ್ಥ ಗೊತ್ತಿರಬಾರದು. ಗೊತ್ತಿದ್ದರೆ ತಿದ್ದುತ್ತಾನೆ. ನಿನ್ನಂಥ ಓದಿದ ಆಲಿಮನನ್ನು ಹುಳ ಹಿಡಿದ ಕಾಗದದ ಮುಂದೆ ಕೂರಿಸಿದರೆ ಅಜ್ಜಿಯ ಆತ್ಮ ನನ್ನನ್ನು ಕೇಳುತ್ತದೆ. ಹೈದ್ರಾಬಾದಿನ ದೊಡ್ಡ ದಫ್ತರಿಗೆ ನಿನ್ನ ಹೆಸರು ಶಿಫಾರಸು ಮಾಡಿದ್ದೇನೆ. ಜವಾಬು ಬರುವ ತನಕ ಮಸ್ಕಿಯಲ್ಲೇ ಇರು."

ಗ್ಯಾನಪ್ಪ ಏನೋ ಹೇಳಲು ಬಾಯಿ ತೆರೆದ. ತನಗೆ ಫಾರ್ಸಿ ಬರುವುದಿಲ್ಲವೆಂದೇ ಇರಬೇಕು. ಆದರೆ ಅಷ್ಟರಲ್ಲಿ ಸಾಹೇಬರು ಬಂದು ಅವನ ಎರಡೂ ಕೈ ಹಿಡಿದುಕೊಂಡಿದ್ದರು. ಅಂಥ ಹೊತ್ತಿನಲ್ಲಿ ನಿಜ ಹೇಳುವುದು ಬೇಅದಬಿ. ಸಲಾಮು ಹೊಡೆಯುತ್ತ ಹಿಂದಿನಿಂದ ಹಿಂದೆ ಬಂದ. ಬಾಗಿಲ ಜವಾನನಿಗೆ ಮೊದಲು ಇಳಕಲ್ ಸೀರೆ ಕಂಡಿತು, ಆಮೇಲೆ ಮನುಷ್ಯ.

ಶಿಫಾರಸು ಹೈದ್ರಾಬಾದಿಗೆ ಹೋದದ್ದು ನಿಜ. ಅಲ್ಲಿಂದ ಎರಡು ಸಲ "ವಿಚಾರದಲ್ಲಿದೆ" ಎಂದು ಕಾಗದವೂ ಬಂದಿತು. ಮೂರನೆಯದು ಬರುವುದರೊಳಗೆ ನಿಜಾಮರ ರಾಜ್ಯ ಹೋಗಿ, ದಫ್ತರಿನ ಮಾಲಕರೇ ಬದಲಾಗಿ, ಬಹಮನ್ ಹೋಗಿ ಜನವರಿ ಬಂದು ಕೂತಿತು.

ಆದರೆ ಆ ಸಂಜೆ ಗ್ಯಾನಪ್ಪ ಅಷ್ಟು ದೂರ ಯೋಚಿಸಿರಲಿಲ್ಲ. ಶಂಶಾದ್‌ಬೀಯ ಎದುರು ಹೋಗುವ ಧೈರ್ಯ ಸಾಲದೆ ಬೇವಿನ ಮರದ ಕೆಳಗೆ ಹೋಗಿ ಚಾಪೆ ಬಿಚ್ಚಿದ. ಒಂದು ಸಮಾಧಾನವಿತ್ತು. ಮಾಳಿಂಗಪ್ಪ ಲಿಂಗಸೂಗೂರಿಗೆ ಹೋದರೆ ಮರದ ಎರಡೂ ಕಡೆ ತನ್ನದೇ. ಅಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಊರು ಸುತ್ತಿ ಬಂದಿತ್ತು. ದಾರಿಯಲ್ಲಿ ಹೋಗುವವರು ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದರು.

ಗದ್ದೆಮ್ಮ ಬಂದಳು. ಎಮ್ಮೆ ಕಳೆದುಕೊಂಡಾಗಲೆಲ್ಲ, ಎಂದರೆ ಎರಡು ತಿಂಗಳಿಗೊಮ್ಮೆ, ಅವನ ಹತ್ತಿರವೇ ಅರ್ಜಿ ಬರೆಸುತ್ತಿದ್ದವಳು. ಗ್ಯಾನಪ್ಪ ಲೇಖನಿ ಅದ್ದಿದ. ಆಕೆ ಹತ್ತು ಮಾರು ದೂರದಲ್ಲೇ ನಿಂತು ಕೈ ಮುಗಿದಳು.

"ಬಾ ಯವ್ವಾ, ಕುಂದ್ರು. ಎಮ್ಮೀನ?"

"ಹೌದ್ರಿ. ಆದ್ರ ನಿಮಗ ಬ್ಯಾಡ್ರಿ. ಮಾಳಿಂಗಪ್ಪ ನಾಳಿ ಮುಂಜಾನಿ ಹೊಂಟಾನಂತ, ಅದರೊಳಗ ಅವನ ಮನಿಗೆ ಹೋಗಿ ಬರಸ್ಕೊಂಡ್ ಬರ್ತೀನಿ."

"ಯಾಕ ಯವ್ವಾ? ಯಾವಾಗಲೂ ನಾನೇ ಬರದೀನಲ್ಲ."

"ಆವಾಗಿಂದು ಬ್ಯಾರೇರಿ" ಎಂದಳು ಗದ್ದೆಮ್ಮ, ಇನ್ನೆರಡು ಹೆಜ್ಜೆ ಹಿಂದೆ ಸರಿಯುತ್ತ. "ತಾಲುಕ್ದಾರ ಸಾಹೇಬ್ರನ್ನ ಅಳಿಸಿದಂಥಾ ಫಾರ್ಸಿ ಅಂತ. ನಂದು ಬರೇ ಎಮ್ಮಿ ರೀ."